ಅಟ್ಟದ ಮೇಲಿನ ಆಟಿ

ನಮ್ಮ ಕಡೆಯ ಮನೆಗಳಿಗೆ ಫ್ರಿಜ್ಜು ಬಂತು, ಆದರೆ ಅಟ್ಟ ಖಾಲಿಯಾಗಲಿಲ್ಲ. ಪುತ್ತೂರಿನಿಂದ ಕುಂಬ್ರ, ಬೆಳ್ಳಾರೆ ದಾರಿಯಾಗಿ ಸುಳ್ಯದ ಕಡೆಗೆ ಹೋಗುವಾಗ ಅಡಿಕೆ ತೋಟದ ನಡುವೆ ಕಾಣುವ ಯಾವ ಮನೆಯಾದರೂ ಆದೀತು. ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದು, ಸ್ವಲ್ಪ ಸಲಿಗೆ ಬೆಳೆದ ಮೇಲೆ ಅಟ್ಟ ಹತ್ತಿ ನೋಡಿ. ಪಕ್ಕಾಸಿಗೆ ಬಾಳೆಬಳ್ಳಿಯಲ್ಲಿ ಬಿಗಿದು ನೇತುಹಾಕಿದ ಸೌತೆಕಾಯಿಗಳು ಸಾಲಾಗಿ ತೂಗುತ್ತಿರುತ್ತವೆ. ತಗಡಿನ ಬಿಸ್ಕೂಟು ಡಬ್ಬಿಗಳಲ್ಲಿ ಹಲಸಿನ ಹಪ್ಪಳ, ಭರಣಿಯಲ್ಲಿ ಉಪ್ಪು ಸೊಳೆ, ಗೆರಸೆಯಲ್ಲಿ ಮಾಂಬಳ, ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ, ಪುನರ್ಪುಳಿ ಸಿಪ್ಪೆ, ಮೂರು ವರ್ಷ ಹಳೆಯ ಉಪ್ಪಿನಕಾಯಿ. ಇವುಗಳ ಜೊತೆಗೆ ತೊಳೆದು ಮಡಚಿಟ್ಟ ಗೊಬ್ಬರದ ಗೋಣಿ, ಬೆಳ್ಳಿಯಂತೆ ಹೊಳೆಯುವ ಹಾಲಿನ ಪ್ಯಾಕೆಟ್ಟು, ಒಂದು ಕಾಲು ಮುರಿದ ಮಣೆ. ಕೇಳಿದರೆ ಮನೆಯವರ ಉತ್ತರ ಒಂದೇ: "ಇರಲಿ, ಆಟಿಗೆ ಆದೀತು."

ಹಾಲಿನ ಪ್ಯಾಕೆಟ್ಟು ಆಟಿಗೆ ಹೇಗೆ ಆದೀತು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿಲ್ಲ.

ಘಟ್ಟದ ಮೇಲಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಸೀಮೆ ನಮ್ಮದು, ಅದರಲ್ಲಿ ದೊಡ್ಡ ಪಾಲು ಈ ದಿನಗಳಲ್ಲೇ. ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಭತ್ತದ ಬೆಳೆ ಇದ್ದ ಕಾಲದಲ್ಲೂ ಆಟಿ ಬರುವ ಹೊತ್ತಿಗೆ ಹಳೆಯ ಅಕ್ಕಿ ತಳ ಕಂಡಿರುತ್ತಿತ್ತು, ಏಣಿಲಿನ ಪೈರು ಇನ್ನೂ ಗದ್ದೆಯಲ್ಲಿ ಹಸಿರಾಗಿಯೇ ಇರುತ್ತಿತ್ತು. ಹೊಳೆ ತುಂಬಿ ದಾಟುವ ಹಾಗಿಲ್ಲ, ಹೊರಗೆ ಕೂಲಿ ಇಲ್ಲ, ಒಳಗೆ ಒಲೆಗೆ ಒಣ ಸೌದೆ ಇಲ್ಲ. ಆಗ ಜನ ತಿಂದದ್ದು ತಗತೆ ಸೊಪ್ಪು, ಕೆಸುವಿನ ಎಲೆ, ಬಿದಿರಿನ ಕಣಿಲೆ, ಹಲಸಿನ ಬೀಜ. ಅದೂ ಮುಗಿದರೆ ಈಂದಿನ ಮರ ಕಡಿದು ಒಳಗಿನ ತಿರುಳು ಕುಟ್ಟಿ ತೆಗೆದ ಹಿಟ್ಟು. ಮಾರಿ ಕಳೆಯಲು ಆಟಿ ಕಳಂಜನ ವೇಷದವನು ತಾಳೆಗರಿಯ ಕೊಡೆ ಹಿಡಿದು ಮನೆಮನೆಗೆ ಬರುತ್ತಿದ್ದ. ಅವನ ಜೋಳಿಗೆಗೂ ಬೀಳುತ್ತಿದ್ದದ್ದು ಅಕ್ಕಿಯೇ, ಇದ್ದರೆ.

ನನ್ನ ಅಜ್ಜಿಯ ಸೊಂಟದಲ್ಲಿ ಪತ್ತಾಯದ ಬೀಗದ ಕೈ ಇತ್ತು. ಪತ್ತಾಯವೆಂದರೆ ಭತ್ತ ತುಂಬುವ ಹಲಸಿನ ಮರದ ದೊಡ್ಡ ಪೆಟ್ಟಿಗೆ, ಅದರ ಮೇಲೆ ಇಬ್ಬರು ಹಾಸಿ ಮಲಗುವಷ್ಟು ದೊಡ್ಡದು. ರಾತ್ರಿ ದೀಪ ಆರಿಸುವ ಮೊದಲು ಅಜ್ಜಿ ಬೆರಳ ಗೆಣ್ಣಿನಿಂದ ಅದರ ಪಕ್ಕಕ್ಕೆ ಮೂರು ಕಡೆ ಕುಟ್ಟುತ್ತಿದ್ದರು. ಎಲ್ಲಿಯವರೆಗೆ ಗಟ್ಟಿ ಸದ್ದು, ಎಲ್ಲಿಂದ ಪೊಳ್ಳು ಸದ್ದು ಎಂದು ಕೇಳಿ ನೋಡಿ ಆಮೇಲೆ ನಿದ್ದೆ. ಅವರು ಮದುವೆಯಾಗಿ ಬಂದ ಹೊಸದರಲ್ಲಿ, 1942ರ ಮಾರ್ಚಿನಲ್ಲಿ, ಜಪಾನಿನವರು ರಂಗೂನು ಹಿಡಿದರು. ಬರ್ಮಾ ಅಕ್ಕಿ ನಿಂತುಹೋಯಿತು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗೂ ರೇಷನ್ ಬಂತು. ರಂಗೂನು ಎಲ್ಲಿದೆ ಎಂದು ಅಜ್ಜಿಗೆ ಕೊನೆಯವರೆಗೂ ಗೊತ್ತಿರಲಿಲ್ಲ. ಆದರೆ ಆ ಊರು ಬಿದ್ದ ಸದ್ದು ಮಾತ್ರ ಪತ್ತಾಯದೊಳಗೆ ಅವರಿಗೆ ಕೇಳಿಸಿತ್ತು.

ಪತ್ತಾಯ ಈಗ ಇಲ್ಲ. ಗದ್ದೆ ಅಡಿಕೆ ತೋಟವಾದ ಮೇಲೆ ಅದನ್ನು ಯಾರೋ ರೆಸಾರ್ಟಿನವರು ಕೊಂಡುಹೋದರು. ಆದರೆ ಕುಟ್ಟುವುದು ಹೋಗಲಿಲ್ಲ. ನನ್ನ ಅಪ್ಪ ಮಲಗುವ ಮೊದಲು ಅಡುಗೆಮನೆಗೆ ಹೋಗಿ ಗ್ಯಾಸಿನ ಅಂಡೆಯನ್ನು ಕುಟ್ಟಿ ನೋಡುತ್ತಿದ್ದರು. ಬದಿಯಲ್ಲಿ ತುಂಬಿದ ಇನ್ನೊಂದು ಅಂಡೆ ಇದ್ದರೂ. ನಾನು ಇವರಿಬ್ಬರನ್ನೂ ನೋಡಿ ನಕ್ಕವನು, ಈಗ ಮೊಬೈಲಿನಲ್ಲಿ ಎಷ್ಟು ಚಾರ್ಜು ಉಂಟು ಎಂದು ನೋಡದೆ ಮಲಗುವುದಿಲ್ಲ. ಅದಕ್ಕೂ ರಂಗೂನಿಗೂ ಸಂಬಂಧ ಹಚ್ಚಲು ನನಗೆ ಧೈರ್ಯ ಇಲ್ಲ, ಆದರೆ ಸಂಬಂಧ ಇಲ್ಲವೆಂದು ಹೇಳಲು ಸಾಕ್ಷಿಯೂ ಇಲ್ಲ.

ಕೂಡಿಡುವುದರಿಂದ ಯಾರಿಗೂ ಕಾಯಿಲೆ ಬರಲಿಲ್ಲ. ಕಾಯಿಲೆ ಬಂದದ್ದು ಮುಗಿಸುವುದರಿಂದ. "ಹಾಳಾಗುವುದಕ್ಕಿಂತ ಹೊಟ್ಟೆಗೆ ಹೋಗಲಿ" ಎಂಬ ಮಾತು ನಮ್ಮ ಮನೆಯಲ್ಲಿ ಮಂತ್ರದಷ್ಟೇ ಪವಿತ್ರ. ಮಧ್ಯಾಹ್ನ ಉಳಿದ ಅನ್ನ ರಾತ್ರಿ, ರಾತ್ರಿ ಉಳಿದದ್ದು ಬೆಳಗ್ಗೆ. ಪಾಯಸ ಉಳಿದರೆ ಪಾತ್ರೆಯ ತಳಕ್ಕೆ ಯಾರು ಇಳಿಯುವುದು ಎಂಬ ಚರ್ಚೆ. ಕೊನೆಗೆ ಇಳಿಯುತ್ತಿದ್ದವರು ಅಮ್ಮ. ಎಲ್ಲರದ್ದೂ ಮುಗಿದ ಮೇಲೆ ಊಟಕ್ಕೆ ಕೂತು, ತನ್ನ ಪಾಲು ಉಂಡು, ಆಮೇಲೆ ಎಲ್ಲ ಪಾತ್ರೆಗಳ ಪಾಲನ್ನೂ ಉಂಡು ಏಳುತ್ತಿದ್ದರು. ನಮ್ಮೂರಿನ ಹೆಂಗಸರಿಗೆ ಸಕ್ಕರೆ ಕಾಯಿಲೆ ಬಂದದ್ದು ಸಿಹಿಯಿಂದ ಅಲ್ಲ, ಮಿಗತೆಯಿಂದ ಎಂಬುದು ನನ್ನ ಖಾಸಗಿ ಸಿದ್ಧಾಂತ. ಯಾವ ಡಾಕ್ಟರೂ ಒಪ್ಪಿಲ್ಲ, ಯಾವ ಹೆಂಗಸೂ ಅಲ್ಲಗಳೆದಿಲ್ಲ. ಅಪ್ಪನಿಗೆ ಶುಗರ್, ಅಮ್ಮನಿಗೆ ಶುಗರ್, ಈಗ ನನಗೆ. ಕ್ಲಿನಿಕ್ಕಿನ ಚೀಟಿಯಲ್ಲಿ ಮನೆಯಲ್ಲಿ ಯಾರಿಗೆ ಏನೇನು ಕಾಯಿಲೆ ಎಂದು ಬರೆಯಲು ಜಾಗ ಉಂಟು. 1943ರ ಆಟಿಯಲ್ಲಿ ನಿಮ್ಮ ಅಜ್ಜಿ ಏನು ತಿಂದರು ಎಂದು ಬರೆಯಲು ಗೆರೆ ಹಾಕಿಲ್ಲ.

ಆ ಗೆರೆ ಹಾಕಿದವರೂ ಇದ್ದಾರೆ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಪ್ಪ ಪುಸ್ತಕಗಳಿದ್ದವು. ಹಾಲಿನ ಪ್ಯಾಕೆಟ್ಟಿನ ಹಾಗೆ ಅವನ್ನೂ ಯಾರೋ ಇರಲಿ ಎಂದು ಇಟ್ಟಿರಬೇಕು. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಮತ್ತು ಕ್ಯಾರೊಲಿನ್ ಫಾಲ್ ಅವರ ತಂಡ ಆ ಪುಸ್ತಕ ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿತು. 1996ರಲ್ಲಿ ಪ್ರಕಟವಾದ ಲೆಕ್ಕ ಹೀಗಿತ್ತು: ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ, 3.1 ಕಿಲೋ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3. ತಾಯಿಯ ಹೊಟ್ಟೆಯಲ್ಲಿ ಕಂಡ ಕೊರತೆ ನಲವತ್ತು ಐವತ್ತು ವರ್ಷ ಬಿಟ್ಟು ಎದೆಯಲ್ಲಿ ನೋವಾಗಿ ಏಳುತ್ತದೆ ಎಂದಾಯಿತು. ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಅಷ್ಟು ಸಲೀಸಾಗಿ ಕೂಡಿಬರಲಿಲ್ಲ. ಅದು ಹೆಚ್ಚು ಕಂಡದ್ದು ಗಿಡ್ಡವಾಗಿ ದಪ್ಪವಾಗಿ ಹುಟ್ಟಿದವರಲ್ಲಿ, ತಾಯಂದಿರು ಭಾರವಿದ್ದವರಲ್ಲಿ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ನಮ್ಮ ದೇಶದ ಶಿಶುಗಳು ತೂಕದಲ್ಲಿ ಬಡಕಲಾದರೂ ಒಳಗೆ ಕೊಬ್ಬು ಉಳಿಸಿಕೊಂಡೇ ಹುಟ್ಟುತ್ತವೆ ಎಂದು ತೋರಿಸಿದರು. ಹುಟ್ಟುವಾಗಲೇ ಅಟ್ಟ ತುಂಬಿಸಿಕೊಂಡು ಬರುವುದು! ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ. ಪುತ್ತೂರಿನ ಜಾತ್ರೆಗದ್ದೆಯ ಬದಿಯಲ್ಲಿ ಅರ್ಧ ಗಂಟೆ ನಿಂತರೆ ಈ ಸಂಶೋಧನೆಗೆ ಬೇಕಾದ ಸಾಕ್ಷಿ ಪಂಚೆ ಉಟ್ಟುಕೊಂಡು ನಡೆದುಹೋಗುತ್ತದೆ.

ಹಾಲೆಂಡಿನಲ್ಲಿ 1944–45ರ ಚಳಿಗಾಲದಲ್ಲಿ ಜರ್ಮನರ ದಿಗ್ಬಂಧನದಿಂದ ಊಟವಿಲ್ಲದಂತಾಯಿತು. ಆಗ ಬಸಿರಿಯರಾಗಿದ್ದವರ ಮಕ್ಕಳನ್ನು ಅರುವತ್ತು ವರ್ಷದ ಮೇಲೆ ಪರೀಕ್ಷಿಸಿ, ಅವರ ಒಂದು ಜೀನಿನ ಮೇಲೆ ಹಸಿವಿನ ಗುರುತು ಇನ್ನೂ ಉಳಿದದ್ದನ್ನು 2008ರಲ್ಲಿ ಸಂಶೋಧಕರು ತೋರಿಸಿದರು. ಇಂಥವನ್ನು ಓದಿದಾಗ ರೋಮಾಂಚನವಾಗುತ್ತದೆ. ಆದರೆ ಅಲ್ಲಿಂದ ನೇರವಾಗಿ "ಅಜ್ಜನ ದುಃಖ ಮೊಮ್ಮಗನ ರಕ್ತದಲ್ಲಿ" ಎಂದು ಹಾರುವವರ ಜೊತೆ ನಾನು ಹಾರಲಾರೆ. ನಾಜಿಗಳ ನರಮೇಧದಿಂದ ಬದುಕಿ ಉಳಿದವರ ಮತ್ತು ಅವರ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಒಂದು ಪ್ರಸಿದ್ಧ ಅಧ್ಯಯನಕ್ಕೆ ಸಿಕ್ಕಿದ್ದು 32 ಹಿರಿಯರು, 22 ಮಕ್ಕಳು. ನಮ್ಮ ಮನೆಯ ಪೂಜೆಗೆ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ. ಗುರುತು ರಕ್ತದಲ್ಲೇ ಬರಬೇಕೆಂದೇನೂ ಇಲ್ಲ. ಅಜ್ಜಿ ಕುಟ್ಟುವುದನ್ನು ಅಪ್ಪ ನೋಡಿದ್ದರು. ಅಪ್ಪ ಕುಟ್ಟುವುದನ್ನು ನಾನು ನೋಡಿದ್ದೆ. ಕಣ್ಣಿನಷ್ಟು ಒಳ್ಳೆಯ ಪೋಸ್ಟಾಫೀಸು ಬೇರೆ ಬೇಕೇ?

ಎಲ್ಲ ಭಯವೂ ನಷ್ಟವೇ ಮಾಡುತ್ತದೆ ಎನ್ನಲೂ ಬರುವುದಿಲ್ಲ. 1970ರ ಸುಮಾರಿಗೆ ಅಡಿಕೆ ಧಾರಣೆ ನೆಲ ಕಚ್ಚಿ, ಬೆಳೆಗಾರರು ಅಂಗಳದಲ್ಲಿ ಅಡಿಕೆ ಹರವಿಕೊಂಡು ದಿಕ್ಕು ತೋಚದೆ ಕೂತಿದ್ದರು. ಆ ಸಂಕಟದಿಂದಲೇ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಹುಟ್ಟಿತು. ಸಂಸ್ಥೆ ಬಂದು ಧಾರಣೆ ನಿಂತರೂ ಅಡಿಕೆ ಎಲ್ಲವನ್ನೂ ಒಮ್ಮೆಗೇ ಮಾರುವ ಗುಂಡಿಗೆ ನಮ್ಮವರಿಗೆ ಬರಲಿಲ್ಲ. ಹೊಸ ಅಡಿಕೆ ಹಳೆಯದಾಗಿ ಚೋಲ್ ಆಗುವವರೆಗೆ, ಚೋಲ್ ಡಬ್ಬಲ್ ಚೋಲ್ ಆಗುವವರೆಗೆ ಗೋಣಿಯಲ್ಲಿ ಕೂತಿರುತ್ತದೆ. ತಮಾಷೆಯೆಂದರೆ ಹಳೆಯದಾದಷ್ಟೂ ಅದಕ್ಕೆ ಧಾರಣೆ ಜಾಸ್ತಿ! ಜಗತ್ತಿನಲ್ಲಿ ಹೆದರಿಕೆಗೆ ಬಡ್ಡಿ ಸಿಗುವ ಊರು ನಮ್ಮದೊಂದೇ ಇರಬೇಕು. ಅದೇ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ಶುರುಮಾಡಿತು, ಅದರ ಸಿಹಿ ನಮ್ಮಂಥವರಿಗೆ ಬರೀ ಮೂಗಿಗೆ. ಇನ್ನು ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಸೇರಿಸಿತು. ಹಸಿವು ಮರೆಯಲು ಬಾಯಿಗೆ ಹಾಕಿಕೊಂಡ ಎಲೆಯಡಿಕೆ, ಹೊಗೆಸೊಪ್ಪು ಎಷ್ಟು ಬಾಯಿಗಳಲ್ಲಿ ಹುಣ್ಣಾಗಿ ಕೂತಿತು ಎಂಬ ವಿಷಯ ನಮ್ಮೂರಿನ ಸಭೆಗಳಲ್ಲಿ ಎತ್ತುವ ಹಾಗಿಲ್ಲ. ಎತ್ತಿದವನಿಗೆ ಚಾ ಸಿಗುವುದಿಲ್ಲ.

ಅಕ್ಕಿಯ ನಂತರ ನಮ್ಮವರು ಕೂಡಿಡುವ ವಸ್ತು ಕಾಗದ, ಸರಕಾರಿ ಕಚೇರಿಯ ಹೆದರಿಕೆಗೆ. ನನ್ನ ದೊಡ್ಡಪ್ಪ ಕಚೇರಿಯ ಮೆಟ್ಟಿಲು ಹತ್ತುವ ಹಿಂದಿನ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ, ಹೊಟ್ಟೆ ಕೆಡುತ್ತಿತ್ತು. ಸುಳ್ಯದ ಗೆಳೆಯರೊಬ್ಬರು ಇದಕ್ಕೆಲ್ಲ 1837 ಕಾರಣ ಎನ್ನುತ್ತಾರೆ. ಕೊಡಗು ಇಂಗ್ಲಿಷರ ಕೈಗೆ ಹೋದ 1834ರ ಮೇಲೆ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಾಣ್ಯದಲ್ಲಿ ಕೊಡಿ ಎಂದರು. ರೈತರು ಕೆದಂಬಾಡಿ ರಾಮಯ್ಯ ಗೌಡರ ಜೊತೆ ಎದ್ದರು. 1837ರ ಏಪ್ರಿಲ್ 5ಕ್ಕೆ ಮಂಗಳೂರನ್ನೇ ಹಿಡಿದು ಬಾವುಟಗುಡ್ಡೆಯಲ್ಲಿ ಧ್ವಜ ಏರಿಸಿ, ಹದಿಮೂರು ದಿನ ಆಳಿದರು. ಆಮೇಲೆ ನೇಣು, ಗಡೀಪಾರು, ಆಸ್ತಿ ಜಪ್ತಿ. ಬಂಡೆದ್ದವರ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ಕ್ಕೆ ಮಡಿಕೇರಿಯ ಕೋಟೆಯೆದುರು ಗಲ್ಲಿಗೇರಿಸಿದರು. ಆ ಮನೆತನಗಳು ಹೆಸರೆತ್ತದೆ ಎಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದವೋ. ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ಎದ್ದದ್ದು 2022ರಲ್ಲಿ. ಇದೆಲ್ಲ ಸರಿ. ಆದರೆ ದೊಡ್ಡಪ್ಪನ ಹೊಟ್ಟೆ ಕೆಡಲು ಅಷ್ಟು ಹಿಂದೆ ಹೋಗಬೇಕಾಗಿಲ್ಲ. 1974ರ ಭೂಸುಧಾರಣೆ, ಗೇಣಿದಾರರ ಡಿಕ್ಲರೇಶನ್, ಭೂ ನ್ಯಾಯಮಂಡಳಿಯ ವಾಯಿದೆಗಳು ಸಾಕು. ಅಜ್ಜಿಯ ಪತ್ತಾಯಕ್ಕೆ ಬರುತ್ತಿದ್ದ ಗೇಣಿ ಅಕ್ಕಿಯ ಮುಡಿಗಳು ಆ ವರ್ಷದಿಂದ ನಿಂತವು. ನಮ್ಮ ಮನೆಯಲ್ಲಿ ಅದನ್ನು ಸಾವು ಸಂಭವಿಸಿದ ಹಾಗೆ ಹೇಳುತ್ತಿದ್ದರು. ಗೇಣಿದಾರರ ಮನೆಯಲ್ಲಿ ಅದೇ ವರ್ಷವನ್ನು ಹೇಗೆ ಹೇಳುತ್ತಾರೆ ಎಂದು ನಾನು ಕೇಳಿದ್ದು ತುಂಬ ತಡವಾಗಿ.

ಕಾಗದದ ವಿಷಯದಲ್ಲಿ ನಮ್ಮನ್ನು ಮೀರಿಸಿದವರು ರಬ್ಬರ್ ಕಾಲೊನಿಯ ಹಿರಿಯರು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಅಲ್ಲಿ ಹಾಲು ತೆಗೆಯುವವರಲ್ಲಿ ಹೆಚ್ಚಿನವರು ಸಿಲೋನಿನಿಂದ ಬಂದ ತಮಿಳರು. ಅವರ ಮುತ್ತಜ್ಜಂದಿರನ್ನು ಇಂಗ್ಲಿಷರು ಕಾಫಿ, ಆಮೇಲೆ ಚಹಾ ತೋಟಗಳಿಗೆಂದು ಸಮುದ್ರ ದಾಟಿಸಿದರು. 1948ರಲ್ಲಿ ಆ ದೇಶ ನೀವು ನಮ್ಮ ಪ್ರಜೆಗಳಲ್ಲ ಎಂದಿತು. 1964ರ ಅಕ್ಟೋಬರ್ 30ರಂದು ಎರಡು ದೇಶಗಳ ಪ್ರಧಾನಿಗಳಾದ ಶಾಸ್ತ್ರಿ ಮತ್ತು ಸಿರಿಮಾವೋ ಸಹಿ ಹಾಕಿದ ಒಪ್ಪಂದದಲ್ಲಿ 5,25,000 ಮಂದಿ ಇತ್ತ, 3,00,000 ಮಂದಿ ಅತ್ತ ಎಂದು ಹಂಚಾಯಿತು. ಉಳಿದವರನ್ನು ಆಮೇಲೆ ನೋಡುವಾ ಎಂದರು. ನನ್ನ ತೋಟದ ನಾಲ್ಕು ರಬ್ಬರ್ ಮರಗಳಿಗೆ ಕತ್ತಿ ಇಡುವುದನ್ನು ಕಲಿಸಿದ ಹಿರಿಯರೊಬ್ಬರು ಹುಡುಗನಾಗಿದ್ದಾಗ ಹಾಗೆ ಬಂದವರು. ಬಿಸಿಲೇರಿದರೆ ಹಾಲು ಕಟ್ಟುತ್ತದೆಂದು ನಸುಕಿಗೆ ಎದ್ದು, ಬರೀ ಚಾ ಕುಡಿದು, ಹತ್ತು ಗಂಟೆಯವರೆಗೆ ಮರದಿಂದ ಮರಕ್ಕೆ. ಗ್ಯಾಸ್ಟ್ರಿಕ್ ಅವರ ಮನೆಯಲ್ಲಿ ತಂದೆಯಿಂದ ಮಗನಿಗೆ ಬಂದ ಆಸ್ತಿ. ಅವರ ಕ್ವಾರ್ಟರ್ಸಿನ ಗೋಡೆಯಲ್ಲಿ ಒಂದೂ ಮೊಳೆ ಇಲ್ಲ. ದೇವರ ಪಟ ಕೂಡ ಪೆಟ್ಟಿಗೆಯ ಮೇಲೆ ಒರಗಿಸಿಟ್ಟದ್ದು. ಹಡಗು ಹತ್ತುವಾಗಿನ ಕಾಗದಗಳು ಬಾಗಿಲ ಹತ್ತಿರದ ಟ್ರಂಕಿನಲ್ಲಿ.

"ಒಂದು ತೆಂಗಿನ ಸಸಿಯಾದರೂ ಹಾಕಬಹುದಿತ್ತಲ್ಲ ಅಣ್ಣಾಚಿ?" ಎಂದೆ ಒಮ್ಮೆ.

"ಹಾಕಬಹುದು ಸಾರ್. ಎಳನೀರು ಕುಡಿಯುವವನು ಯಾರು?" ಎಂದರು. ಬೇಸರದಿಂದ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ.

ಆ ಮೊಳೆಯಿಲ್ಲದ ಗೋಡೆ ನೋಡಿದ ಮೇಲೆ ನನಗೆ ನಮ್ಮ ಅಟ್ಟದ ಬಗ್ಗೆ ಇದ್ದ ಹೆಮ್ಮೆ ಕಡಿಮೆಯಾಯಿತು. ಕೂಡಿಡುವುದಕ್ಕೂ ಒಂದು ಅಟ್ಟ ಬೇಕಲ್ಲ. ಆಟಿಯ ಮಳೆ ಎಲ್ಲರ ಮಾಡಿನ ಮೇಲೂ ಸುರಿದದ್ದು ಹೌದು. ಆದರೆ ನಮ್ಮ ಮನೆಯ ಆಟಿಯಲ್ಲಿ ಇಲ್ಲದ್ದು ತರಕಾರಿ, ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದವರ ಮನೆಯಲ್ಲಿ ಇಲ್ಲದ್ದು ಅಕ್ಕಿ. ಪುತ್ತೂರಿನ ಬಾಲವನದಲ್ಲಿ ಬಹುಕಾಲ ಇದ್ದ ಶಿವರಾಮ ಕಾರಂತರು 1933ರಲ್ಲೇ 'ಚೋಮನ ದುಡಿ'ಯಲ್ಲಿ ಅಪ್ಪನ ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುವುದನ್ನು ಬರೆದರು. ಸಾಲ, ಜ್ವರ, ಕುಡಿತ, ಇವೂ ಪಿತ್ರಾರ್ಜಿತವೇ, ಪಾಲುಪಟ್ಟಿಯಲ್ಲಿ ಬರುವುದಿಲ್ಲ ಅಷ್ಟೆ. ನಾಟಿಗೆ ಬರುತ್ತಿದ್ದ ಒಬ್ಬ ಹೆಂಗಸು ನನಗೆ ಚೆನ್ನಾಗಿ ನೆನಪಿದ್ದಾರೆ. ಆಗ ನಮ್ಮ ಮನೆಯ ಸಣ್ಣ ಮಕ್ಕಳು ಕೂಡ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದದ್ದು. ಕೂಲಿಯ ಅಕ್ಕಿ ಸಿಕ್ಕಿದ ದಿನ ಅವರ ಮನೆಯಲ್ಲಿ ಅಷ್ಟನ್ನೂ ಬೇಯಿಸಿ ಉಣ್ಣುತ್ತಿದ್ದರು. "ನಾಳೆಗೆ ಅಂತ ಇಡುವ ಬುದ್ಧಿ ಇಲ್ಲ ಇವರಿಗೆ" ಎಂದು ಅಜ್ಜಿ ಪತ್ತಾಯದ ಮೇಲೆ ಕೂತು ಹೇಳುತ್ತಿದ್ದರು. ಸೋರುವ ಮನೆಯಲ್ಲಿ ಇಟ್ಟ ಅಕ್ಕಿ ಬೂಸ್ಟು ಹಿಡಿಯುತ್ತದೆ, ಇಲಿ ತಿನ್ನುತ್ತದೆ, ಸಾಲ ಕೊಟ್ಟವನು ಕೇಳುತ್ತಾನೆ. ಹೊಟ್ಟೆಯೊಳಗೆ ಇಟ್ಟದ್ದನ್ನು ಮಾತ್ರ ಯಾರೂ ಒಯ್ಯುವ ಹಾಗಿಲ್ಲ. ಒಂದೇ ಮಳೆ ಒಬ್ಬರಿಗೆ ಬೀಗ ಹಾಕಲು ಕಲಿಸಿತು, ಇನ್ನೊಬ್ಬರಿಗೆ ಆಗಿಂದಾಗ ಉಣ್ಣಲು. ಒಂದನ್ನು ಮಿತವ್ಯಯ ಎಂದೆವು, ಇನ್ನೊಂದನ್ನು ದುಂದು ಎಂದೆವು. ಶುಗರ್ ಈಗ ಎರಡೂ ಮನೆಗಳಿಗೆ ಬಂದಿದೆ.

ಕಡಬದ ಕೊಯಿಲದ ಕಡೆ, ಆಚೆಗೆ ಕೊಕ್ಕಡದ ಕಡೆ, ಪೆಟ್ಟು ಅಭ್ಯಾಸದ ರೂಪದಲ್ಲಿ ಅಲ್ಲ, ನೇರ ಮೈಮೇಲೆಯೇ ಇಳಿಯಿತು. ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ 1980ರ ದಶಕದಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಸುಪ್ರೀಂ ಕೋರ್ಟು ತಡೆ ಹಾಕಿದ್ದು 2011ರ ಮೇ 13ಕ್ಕೆ. ಎದ್ದು ಕೂರಲಾಗದ ಮಗನನ್ನು ಮೂವತ್ತು ವರ್ಷದಿಂದ ಎತ್ತಿ ಮೀಯಿಸುವ ಅಮ್ಮಂದಿರು ಅಲ್ಲಿದ್ದಾರೆ. ಒಂದು ಮದುವೆಗೆ ಹೋಗದೆ, ಒಂದು ರಾತ್ರಿ ಹೊರಗೆ ತಂಗದೆ ಬದುಕುವುದು ಅವರ ಅಭ್ಯಾಸ. ಹರಟೆ ಕೊಚ್ಚುವ ಈ ಬರಹದಲ್ಲಿ ಆ ಮನೆಗಳ ಅಂಗಳಕ್ಕೆ ಹೆಚ್ಚು ಹೊತ್ತು ಕಾಲಿಡಲು ನನಗೆ ಮನಸ್ಸು ಬರುವುದಿಲ್ಲ.

ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ಕಷಾಯ ಕುಡಿಯುವುದು ಮಾತ್ರ ಮೇಲೆ ಕೆಳಗೆ ಎನ್ನದೆ ಎಲ್ಲ ಮನೆಗಳಲ್ಲೂ ಉಂಟು. ಸೂರ್ಯ ಹುಟ್ಟುವ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು, ಕಾಯಿಸಿದ ಬೆಣಚುಕಲ್ಲು ಮುಳುಗಿಸಿ ಕೊಡುತ್ತಾರೆ. ಆ ಕಹಿಗೆ ಬೇರೆ ಹೋಲಿಕೆ ಇಲ್ಲ. ಹಿಂದಿನಿಂದ ಮೆಂತೆ ಗಂಜಿ. ಕತ್ತಲಲ್ಲಿ ಮರ ತಪ್ಪಿ ವಿಷದ ಕಾಸರಕದ ತೊಗಟೆ ತಂದರೆ ಕತೆ ಮುಗಿದಂತೆ, ಹಾಗಾಗಿ ನಮ್ಮಲ್ಲಿ ಹಿಂದಿನ ದಿನವೇ ಹೋಗಿ ಮರಕ್ಕೆ ಬಳ್ಳಿ ಕಟ್ಟಿ ಬರುತ್ತಾರೆ. ಮಗಳು ಬೆಂಗಳೂರಿನಿಂದ ಫೋನು ಮಾಡಿ, "ಅದರಲ್ಲಿ ಏನು ಉಂಟು ಅಂತ ಟೆಸ್ಟ್ ಮಾಡಿದ್ದಾರಾ ಅಪ್ಪಾ?" ಎಂದಳು. ಮಲೇರಿಯಾ ಊರನ್ನೇ ಮಲಗಿಸುತ್ತಿದ್ದ ಕಾಲದವರು ಮಾಡಿದ ಟೆಸ್ಟು, ಕುಡಿದು ಬದುಕಿದ್ದೇವಲ್ಲ ಎಂಬುದು ನನ್ನ ಉತ್ತರ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಒಪ್ಪಬೇಕಾಗಿಯೂ ಇಲ್ಲ.

ಈಗ ಹಳ್ಳಿಹಳ್ಳಿಯಲ್ಲೂ ಸಭಾಭವನಗಳಲ್ಲಿ 'ಆಟಿಡೊಂಜಿ ದಿನ' ನಡೆಯುತ್ತದೆ. ಅನ್ನವಿಲ್ಲದ ತಿಂಗಳ ನೆನಪಿಗೆ ಮೂವತ್ತು ಬಗೆಯ ಊಟ. ಪತ್ರೊಡೆ, ತಗತೆ ಸೊಪ್ಪಿನ ಪಲ್ಯ, ಕಣಿಲೆ ಗಸಿ, ಸಾಂತಾಣಿ, ಹಲಸಿನ ಎಲೆಯ ಕೊಟ್ಟೆ ಕಡುಬು, ಕೊನೆಗೆ ಎರಡು ಪಾಯಸ. ಹಿಂದಿನವರು ದಾರಿ ಕಾಣದೆ ತಿಂದದ್ದನ್ನು ನಾವು ಕ್ಯೂ ನಿಂತು, ಕೂಪನ್ ಕೊಟ್ಟು, ಎರಡನೇ ಸಲ ಹಾಕಿಸಿಕೊಂಡು ತಿನ್ನುತ್ತೇವೆ. ಕಳೆದ ಸಲ ನಮ್ಮೂರಿನ ಕಾರ್ಯಕ್ರಮದಲ್ಲಿ ಊಟದ ಹಾಲ್‌ನ ಪಕ್ಕದ ಕೋಣೆಯಲ್ಲೇ ಉಚಿತ ಶುಗರ್ ಪರೀಕ್ಷೆ ಇಟ್ಟಿದ್ದರು. ಯಾರ ತಲೆಗೆ ಹೊಳೆದದ್ದೋ, ಅವರಿಗೆ ಹಾಸ್ಯಪ್ರಜ್ಞೆ ಇರಬೇಕು.

ಬೆರಳು ಚುಚ್ಚುತ್ತಿದ್ದ ನರ್ಸ್ ನಾಟಿಗೆ ಬರುತ್ತಿದ್ದ ಆ ಹೆಂಗಸಿನ ಮೊಮ್ಮಗಳು. ಅಲ್ಲಿಯೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೆಲಸ. ನನ್ನ ಗುರುತು ಅವರಿಗೆ ಚೆನ್ನಾಗಿಯೇ ಇತ್ತು.

"ಊಟ ಆಯ್ತಾ ಸಾರ್?"

"ಆಯ್ತು."

"ಅನ್ನ ಎಷ್ಟು ಸಲ ಹಾಕಿಸಿಕೊಂಡ್ರಿ?"

ನಾನು ಉತ್ತರಿಸಲಿಲ್ಲ. ಯಂತ್ರವೇ ಹೇಳಿತು. ಅವರು ಅಂಕಿ ನೋಡಿ ಹುಬ್ಬು ಏರಿಸಿ ಬರೆದುಕೊಂಡರು. "ನಮ್ಮ ಅಮ್ಮನದ್ದೂ ಹೀಗೇ. ಹೇಳಿದರೆ ಕೇಳುದಿಲ್ಲ, ಉಳಿದ ಅನ್ನ ಬಿಸಾಡ್ಲಿಕ್ಕೆ ಆಗುದಿಲ್ಲ ಅಂತಾರೆ. ನೀವು ಅನ್ನ ಅರ್ಧ ಮಾಡಿ. ಸೋಮವಾರ ಕೇಂದ್ರಕ್ಕೆ ಬನ್ನಿ, ಖಾಲಿ ಹೊಟ್ಟೆಯಲ್ಲಿ. ಚಾ ಕೂಡ ಕುಡೀಬಾರದು."

"ಎಷ್ಟು ಗಂಟೆಗೆ?"

"ಒಂಬತ್ತಕ್ಕೆ ಡಾಕ್ಟ್ರು ಬರ್ತಾರೆ. ಕೆಲವೊಮ್ಮೆ ಹತ್ತು ಆಗ್ತದೆ."

"ಅಷ್ಟು ಹೊತ್ತು ಏನೂ ತಿನ್ನದೆ ಕೂತರೆ ತಲೆ ತಿರುಗುದಿಲ್ವಾ?"

"ಎಂತ ಆಗುದಿಲ್ಲ ಸಾರ್," ಎಂದು ಅವರು ನಕ್ಕು ನನ್ನ ಬೆರಳಿಗೆ ಹತ್ತಿ ಒತ್ತಿದರು. "ನಮ್ಮ ಅಜ್ಜಿ ನಿಮ್ಮ ಗದ್ದೆಯಲ್ಲಿ ಮಧ್ಯಾಹ್ನದವರೆಗೆ ಹಾಗೇ ನೇಜಿ ನೆಟ್ಟದ್ದಲ್ವಾ?"

ಕ್ಯೂ ಬಾಗಿಲಾಚೆಗೂ ಬೆಳೆದಿತ್ತು. ನನ್ನ ಹಿಂದಿನವರು ಆಗಲೇ ಬೆರಳು ಮುಂದೆ ಮಾಡಿದ್ದರು.